ಗುಂಬಜ್‌ನ ತಾಯಿ, ಸ್ಯಾಮ್ಯುಯೆಲ್ ಬೀದಿಯ ಮಂದಿರ

ಶ್ರೀರಂಗಪಟ್ಟಣದ ಗಂಜಾಂ ದಾಟಿ ಸಂಗಮದ ಕಡೆ ಹೊರಟರೆ ಸಿಗುವ ಗುಂಬಜ್ ನೋಡದೆ ಹಿಂದಿರುಗುವ ಪ್ರವಾಸಿಗಳು ಕಡಿಮೆ. ನುಣುಪಾದ ಕರಿಕಲ್ಲಿನ ಕಂಬಗಳನ್ನು ಮುಟ್ಟಿ ನೋಡಿ, ದಂತದ ಕುಸುರಿ ಕೆಲಸವಿರುವ ಬಾಗಿಲಿನಿಂದ ಒಳಗೆ ಹೋದರೆ ಅಲ್ಲಿ ಮೂರು ಗೋರಿಗಳಿವೆ. ಒಂದು ಹೈದರಾಲಿಯದು. ಇನ್ನೊಂದು 1799ರ ಮೇ 4ರಂದು ಕೋಟೆಯ ಕಾಳಗದಲ್ಲಿ ಮಡಿದ ಟಿಪ್ಪು ಸುಲ್ತಾನನದು. ಮೂರನೆಯದು ಹೈದರನ ಹೆಂಡತಿ, ಟಿಪ್ಪುವಿನ ತಾಯಿ ಫಕ್ರುನ್ನೀಸಾಳದು. ತಂದೆ ಮಗನ ಯುದ್ಧಗಳ ಕಥೆ ಕೇಳುವ ಭರದಲ್ಲಿ ಈ ತಾಯಿಯ ಬಗ್ಗೆ ಕೇಳುವವರು ಇಲ್ಲವೆಂದೇ ಹೇಳಬೇಕು.

ಆದರೆ ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಮುಂಬಯಿಯಲ್ಲಿ, ಮರಾಠಿ ಮಾತನಾಡುವ ಪುಟ್ಟ ಯಹೂದಿ ಸಮುದಾಯವೊಂದು ಈ ತಾಯಿಯನ್ನು ಇನ್ನೂರು ವರ್ಷಗಳಿಗೂ ಮೀರಿ ನೆನಪಿಟ್ಟುಕೊಂಡು ಬಂದಿದೆ. ಆಕೆಯ ಒಂದು ಮಾತಿನಿಂದ ತಮ್ಮ ಹಿರಿಯನೊಬ್ಬ ಶ್ರೀರಂಗಪಟ್ಟಣದ ಸೆರೆಯಲ್ಲಿ ಸಾಯದೆ ಉಳಿದ ಎಂಬುದು ಅವರ ನಂಬಿಕೆ. ಆ ಹಿರಿಯರ ಹೆಸರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣದ ಸಮೀಪ ಇರುವ ಸ್ಯಾಮ್ಯುಯೆಲ್ ಬೀದಿ ಅವರದೇ ಹೆಸರನ್ನು ಹೊತ್ತಿದೆ ಎನ್ನುತ್ತಾರೆ. ಆ ನಗರದ ಮೊದಲ ಯಹೂದಿ ಪ್ರಾರ್ಥನಾ ಮಂದಿರವನ್ನು, ಅಂದರೆ ಸಿನಗಾಗ್ ಅನ್ನು, 1796ರಲ್ಲಿ ಕಟ್ಟಿಸಿದವರು ಅವರೇ.

ಶನಿವಾರ ಗಾಣ ಆಡಿಸದವರು

ದಿವೇಕರ್ ಎಂಬುದು ಕೇಳಲು ಕೊಂಕಣದ ಹೆಸರಿನಂತಿದೆ. ಅದು ಇರುವುದೂ ಹಾಗೆಯೇ. ದಿವೇ ಆಗರ್ ಎಂಬ ಕರಾವಳಿ ಊರಿನವರು ದಿವೇಕರ್. ನಾಗಾಂವ್ ಊರಿನವರು ನಾಗಾಂವ್ಕರ್. ಕೆಹಿಂ ಊರಿನವರು ಕೆಹಿಂಕರ್. ಈ ಜನ ತಮ್ಮನ್ನು 'ಬೆನೆ ಇಸ್ರೇಲ್' ಎಂದು ಕರೆದುಕೊಳ್ಳುತ್ತಾರೆ. 'ಇಸ್ರೇಲನ ಮಕ್ಕಳು' ಎಂದು ಅದರ ಅರ್ಥ. ಬಹಳ ಹಿಂದೆ ಅಲಿಬಾಗ್ ಬಳಿಯ ನವಗಾಂವ್ ತೀರದಲ್ಲಿ ಹಡಗೊಂದು ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು, ತಾವೆಲ್ಲ ಅವರ ಸಂತತಿ ಎಂಬುದು ಅವರ ಐತಿಹ್ಯ.

ಕೊಂಕಣದ ಹಳ್ಳಿಗಳಲ್ಲಿ ಅವರು ಗಾಣದಿಂದ ಎಣ್ಣೆ ತೆಗೆಯುವ ಕಸುಬು ಹಿಡಿದರು. ಯಹೂದಿ ಧರ್ಮದಲ್ಲಿ ಶನಿವಾರ ಸಬ್ಬತ್ ದಿನ, ಅಂದು ಯಾವ ಕೆಲಸವೂ ಕೂಡದು. ಹೀಗಾಗಿ ಶನಿವಾರ ಗಾಣಕ್ಕೆ ಎತ್ತು ಕಟ್ಟದ ಇವರಿಗೆ ನೆರೆಹೊರೆಯವರು 'ಶನಿವಾರ್ ತೇಲಿ' ಎಂದರು. ಶನಿವಾರದ ಗಾಣಿಗರು ಎಂದರ್ಥ. ಧರ್ಮಗ್ರಂಥ, ಹೀಬ್ರೂ ಭಾಷೆ, ಪುರೋಹಿತರು ಎಲ್ಲವೂ ಕಾಲಕ್ರಮದಲ್ಲಿ ಮರೆಯಾದವು. ಉಳಿದದ್ದು ಶನಿವಾರದ ವಿರಾಮ, ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ಕೆಲವು ಹಬ್ಬ ಉಪವಾಸಗಳು ಮತ್ತು 'ಶೆಮಾ' ಎಂಬ ಒಂದೇ ಒಂದು ಪ್ರಾರ್ಥನೆ. ಹೆಸರುಗಳೂ ಕೊಂಕಣದ ಮೈಬಣ್ಣ ತಳೆದವು. ಸ್ಯಾಮ್ಯುಯೆಲ್ 'ಸಾಮಾಜಿ' ಆದ, ಎಜೆಕಿಯೆಲ್ 'ಹಸಾಜಿ' ಆದ. ನಮ್ಮ ಕಥಾನಾಯಕರನ್ನು ಅವರ ಕಾಲದವರು ಕರೆಯುತ್ತಿದ್ದುದು ಸಾಮಾಜಿ ಹಸಾಜಿ ದಿವೇಕರ್ ಎಂದೇ.

ಹದಿನೆಂಟನೆಯ ಶತಮಾನದಲ್ಲಿ ಮುಂಬಯಿ ಬೆಳೆಯತೊಡಗಿದಾಗ ಬೆನೆ ಇಸ್ರೇಲರು ಹಳ್ಳಿ ಬಿಟ್ಟು ನಗರಕ್ಕೆ ಬಂದರು. ಗಾಣದ ಬದಲು ಈಸ್ಟ್ ಇಂಡಿಯಾ ಕಂಪನಿಯ ಬಂದೂಕು ಕೈಗೆ ಬಂತು. ಸೈನ್ಯದಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ದಿವೇಕರ್ ಅವರು ಅಂದು ಭಾರತೀಯನೊಬ್ಬನಿಗೆ ಕಂಪನಿ ಸೇನೆಯಲ್ಲಿ ದೊರೆಯಬಹುದಾಗಿದ್ದ ಅತಿ ದೊಡ್ಡ ಹುದ್ದೆಯಾದ ದೇಶಿ ಕಮಾಂಡೆಂಟ್ ಮಟ್ಟಕ್ಕೆ ಏರಿದ್ದರು.

ಅವರನ್ನು ಮೈಸೂರಿಗೆ ಎಳೆತಂದದ್ದು 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧ. ಮದ್ರಾಸಿನ ಕಡೆ ಹೈದರಾಲಿಯ ಹೊಡೆತ ತಾಳಲಾರದ ಇಂಗ್ಲಿಷರು ಪಶ್ಚಿಮ ಕರಾವಳಿಯಿಂದ ಇನ್ನೊಂದು ಸೇನೆಯನ್ನು ನುಗ್ಗಿಸಿದರು. ಅದು ಮುಂಬಯಿಯ ಸೇನೆ. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಮರುತಿಂಗಳೇ ಜನರಲ್ ಮ್ಯಾಥ್ಯೂಸ್ ಘಟ್ಟ ಹತ್ತಿ ಬಂದು ಬಿದನೂರನ್ನು, ಇಂದಿನ ನಗರವನ್ನು, ಹಿಡಿದ. ಆದರೆ ಆ ಗೆಲುವು ನಿಂತದ್ದು ಮೂರೇ ತಿಂಗಳು. ಪಟ್ಟಕ್ಕೆ ಬಂದ ಟಿಪ್ಪು ಮಿಂಚಿನಂತೆ ಬಂದು ಬಿದನೂರನ್ನು ಮುತ್ತಿ ಮರಳಿ ಪಡೆದ. ಮ್ಯಾಥ್ಯೂಸ್ ಕೈದಿಯಾಗಿ ಶ್ರೀರಂಗಪಟ್ಟಣಕ್ಕೆ ಬಂದು ಅದೇ ವರ್ಷ ಸೆರೆಯಲ್ಲೇ ಸತ್ತ. ದಿವೇಕರ್ ಮತ್ತು ಅವರ ಜೊತೆಯ ಬೆನೆ ಇಸ್ರೇಲ್ ಸೈನಿಕರು ಮೈಸೂರಿನ ಕೈಗೆ ಸಿಕ್ಕಿದ್ದು ಈ ಯುದ್ಧದಲ್ಲೇ.

'ನಿಮ್ಮ ಜಾತಿ ಯಾವುದು?'

ಮುಂದಿನದು ಮನೆಮನೆಗಳಲ್ಲಿ ಉಳಿದು ಬಂದ ಕಥೆ. ಕೈದಿಗಳನ್ನು ಟಿಪ್ಪುವಿನ ಮುಂದೆ ತಂದು ನಿಲ್ಲಿಸಲಾಯಿತು. ಅವರಿಗೆ ಮರಣದಂಡನೆ ಕಾದಿತ್ತು. ನಿಮ್ಮ ಜಾತಿ ಯಾವುದು ಎಂಬ ಪ್ರಶ್ನೆ ಬಂತು. ಬೆನೆ ಇಸ್ರೇಲ್ ಎಂದು ದಿವೇಕರ್ ಉತ್ತರಿಸಿದರು. ಆ ಮಾತು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ಕುರಾನ್‌ನಲ್ಲಿ ಬನಿ ಇಸ್ರಾಯಿಲ್ ಎಂಬ ಹೆಸರು ಮತ್ತೆಮತ್ತೆ ಬರುತ್ತದೆ. ಓದಿ ಕೇಳಿ ಗೊತ್ತಿದ್ದ ಆ ಜನರನ್ನು ಆಕೆ ಕಣ್ಣಾರೆ ಕಂಡಿರಲೇ ಇಲ್ಲ. ಗ್ರಂಥದಲ್ಲಿ ಹೆಸರಿರುವ ಜನ ಇವರು, ಇವರನ್ನು ಕೊಲ್ಲಬೇಡ ಎಂದು ತಾಯಿ ಮಗನನ್ನು ಕೇಳಿಕೊಂಡಳು. ಮಗ ಒಪ್ಪಿದ.

ಈ ಕಥೆಯನ್ನು ಬರೆದಿಟ್ಟವರು ಅದೇ ಸಮುದಾಯದ ಹಾಯೀಂ ಸ್ಯಾಮ್ಯುಯೆಲ್ ಕೆಹಿಂಕರ್. ಬೆನೆ ಇಸ್ರೇಲರ ಇತಿಹಾಸವನ್ನು ಅವರು 1897ರಲ್ಲಿ ಬರೆದು ಮುಗಿಸಿದರು. ಅದು ಅಚ್ಚಾದದ್ದು 1937ರಲ್ಲಿ, ಟೆಲ್ ಅವೀವ್‌ನಲ್ಲಿ. ಅಂದರೆ ಘಟನೆ ನಡೆದು ನೂರಕ್ಕೂ ಹೆಚ್ಚು ವರ್ಷ ಬಾಯಿಂದ ಬಾಯಿಗೆ ಹರಿದ ಮೇಲೆ ಅದು ಬರಹಕ್ಕೆ ಇಳಿಯಿತು. ಚರಿತ್ರೆಯ ಕಣ್ಣಿನಿಂದ ನೋಡುವವರು ಇನ್ನೊಂದು ಸಂಗತಿಯನ್ನೂ ಎದುರಿಗಿಟ್ಟುಕೊಳ್ಳಬೇಕಾಗುತ್ತದೆ. 1784ರ ಮಾರ್ಚ್ 11ರಂದು ಆದ ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯವರು ಕೈದಿಗಳನ್ನು ಬಿಟ್ಟುಕೊಡಬೇಕೆಂಬ ಷರತ್ತಿತ್ತು. ಆ ಷರತ್ತಿನಂತೆ ನೂರಾರು ಮಂದಿ ಬಿಡುಗಡೆಯಾದರು. ಹಾಗಾದರೆ ತಾಯಿಯ ಕಥೆ ಬರೀ ಕಟ್ಟುಕಥೆಯೆ? ಹಾಗೆಂದು ತಳ್ಳಿಹಾಕುವುದು ಸುಲಭ. ಆದರೆ ಒಪ್ಪಂದ ಆಗುವವರೆಗೆ ಕೈದಿ ಬದುಕಿರಬೇಕಲ್ಲ! ಮ್ಯಾಥ್ಯೂಸ್‌ನಂಥ ಸೇನಾಪತಿಯೇ ಬದುಕಿ ಉಳಿಯದ ಸೆರೆಯಲ್ಲಿ ಇವರು ಉಳಿದರು. ಏಕೆ ಉಳಿದೆವು ಎಂಬ ಪ್ರಶ್ನೆಗೆ ಉಳಿದವರು ಕಂಡುಕೊಂಡ ಉತ್ತರ ಇದು. ಒಬ್ಬ ಶತ್ರುವಿನ ತಾಯಿಗೆ ತಮ್ಮ ಪ್ರಾಣದ ಋಣವನ್ನು ಒಪ್ಪಿಸುವ ಕಥೆಯನ್ನು, ಅದೂ ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ ಟಿಪ್ಪುವಿನ ಹೆಸರು ಕೇಳಿದರೆ ಸಿಡುಕುತ್ತಿದ್ದ ದೊರೆಗಳ ಸೈನ್ಯದಲ್ಲಿ ಇದ್ದುಕೊಂಡು, ತಲೆಮಾರುಗಟ್ಟಲೆ ಹೇಳಿಕೊಂಡು ಬಂದದ್ದು ಸಣ್ಣ ಮಾತಲ್ಲ.

ಯಾರ ಹೆಸರು ಉಳಿಯಿತು?

ಶ್ರೀರಂಗಪಟ್ಟಣದಲ್ಲಿ ಇಂದು ತೋರಿಸುವ ಸೆರೆಮನೆಗಳು ಎರಡು. ರಂಗನಾಥಸ್ವಾಮಿ ದೇವಾಲಯದಿಂದ ಹೆಚ್ಚು ದೂರವಿಲ್ಲದ, ಕಾವೇರಿಯ ಕಡೆಗೆ ಇಳಿಜಾರಿನಲ್ಲಿರುವ ಕರ್ನಲ್ ಬೇಲಿಯ ಸೆರೆಮನೆ ಒಂದು. ತಗ್ಗಾದ ಕಮಾನುಗಳು, ಗಾರೆ ಬಳಿದ ಗೋಡೆ, ಕೈದಿಗಳನ್ನು ಸರಪಳಿಯಿಂದ ಬಿಗಿಯಲು ಗೋಡೆಯಿಂದ ಚಾಚಿಕೊಂಡಿರುವ ತೂತಿನ ಕಲ್ಲುಗಳು. ನಡುವೆ ಚಾವಣಿ ಒಡೆದು ಬಿದ್ದ ಒಂದು ಫಿರಂಗಿ. ಇನ್ನೊಂದು ಇನ್ಮನ್ ಸೆರೆಮನೆ. ಮಣ್ಣಿನಡಿ ಮುಚ್ಚಿಹೋಗಿದ್ದ ಅದನ್ನು 1895ರಲ್ಲಿ ಪತ್ತೆ ಹಚ್ಚಿದ ಥಾಮಸ್ ಇನ್ಮನ್‌ನ ಹೆಸರು ಅದಕ್ಕೆ ಬಂತು.

1780ರಲ್ಲಿ ಪೊಳ್ಳಿಲೂರು ಕಾಳಗದಲ್ಲಿ ಸೋತು ಸೆರೆಸಿಕ್ಕ ವಿಲಿಯಂ ಬೇಲಿ 1782ರ ನವೆಂಬರ್‌ನಲ್ಲಿ ಇಲ್ಲೇ ತೀರಿಕೊಂಡ. ಗುಂಬಜ್ ಇರುವ ಲಾಲ್‌ಬಾಗ್ ಆವರಣದ ಬಳಿ ಅವನ ಸ್ಮಾರಕವಿದೆ. ಅವನ ಸಂಬಂಧಿ ಜಾನ್ ಬೇಲಿ 1816ರಲ್ಲಿ ಅದನ್ನು ಕಟ್ಟಿಸಿದ. ಬದುಕಿ ಹೋದ ಬಿಳಿಯ ಕೈದಿಗಳಲ್ಲಿ ಕೆಲವರು ಊರಿಗೆ ಹೋಗಿ ಪುಸ್ತಕ ಬರೆದರು. ಲಂಡನ್ನಿನಲ್ಲಿ ಅವು ಬಿಸಿಬಿಸಿಯಾಗಿ ಮಾರಾಟವಾದವು. ಅದೇ ಸೆರೆಯಲ್ಲಿ, ಅದೇ ಕೋಟೆಯೊಳಗೆ ಇದ್ದ ಮರಾಠರು, ಮುಸಲ್ಮಾನರು, ತೆಲುಗರು, ತಮಿಳರು, ಯಹೂದಿಗಳು, ಹೀಗೆ ಸಿಪಾಯಿಗಳ ದೊಡ್ಡ ಗುಂಪಿಗೆ ಸ್ಮಾರಕವೂ ಇಲ್ಲ, ಪುಸ್ತಕವೂ ಇಲ್ಲ. ಅವರಲ್ಲಿ ಒಬ್ಬ ಸಾಮಾಜಿಯ ಹೆಸರು ನಮ್ಮ ಕಾಲದವರೆಗೆ ಬಂದಿದ್ದರೆ ಅದಕ್ಕೆ ಕಾರಣ ಅವರ ಜನ.

ಸೆರೆಯಲ್ಲಿದ್ದಾಗ ದಿವೇಕರ್ ಒಂದು ಹರಕೆ ಹೊತ್ತಿದ್ದರಂತೆ. ಜೀವಸಹಿತ ಊರು ಸೇರಿದರೆ ದೇವರಿಗೆ ಒಂದು ಮನೆ ಕಟ್ಟಿಸುತ್ತೇನೆ ಎಂದು. ಗಂಜಾಂನ ನಿಮಿಷಾಂಬೆಗೆ ಹರಕೆ ಹೊರುವ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಬೆನೆ ಇಸ್ರೇಲರಲ್ಲೂ ಹರಕೆ ತೀರಿಸುವ ಪದ್ಧತಿ ಗಟ್ಟಿಯಾಗಿದೆ. ಪ್ರವಾದಿ ಎಲಿಯಾಹುವಿನ ಹೆಸರು ಹೇಳಿ ತಟ್ಟೆಯಲ್ಲಿ ಅವಲಕ್ಕಿ, ಕಾಯಿತುರಿ, ಸಕ್ಕರೆ ಕಲಸಿ, ಹಣ್ಣು ಇಟ್ಟು ಪ್ರಾರ್ಥಿಸಿ ಹಂಚುವ 'ಮಲೀದಾ' ಅವರ ಮನೆಗಳ ಶುಭಕಾರ್ಯಗಳಲ್ಲಿ ಇಂದಿಗೂ ತಪ್ಪುವುದಿಲ್ಲ. ಜಗತ್ತಿನ ಬೇರೆ ಯಹೂದಿಗಳಲ್ಲಿ ಇದು ಇಲ್ಲ. ಅವಲಕ್ಕಿ ನೋಡಿದರೇ ಇದು ನಮ್ಮ ಮಣ್ಣಿನದು ಎಂದು ತಿಳಿಯುತ್ತದೆ.

ದಿವೇಕರ್ ತಮ್ಮ ಹರಕೆಯನ್ನು 1796ರಲ್ಲಿ ತೀರಿಸಿದರು. ಮಾಂಡ್ವಿಯಲ್ಲಿ ಎದ್ದ ಆ ಸಿನಗಾಗ್‌ನ ಹೆಸರು 'ಶಾರ್ ಹರಹಮೀಮ್'. ಹೀಬ್ರೂ ಭಾಷೆಯಲ್ಲಿ ಅದರ ಅರ್ಥ ಕರುಣೆಯ ಬಾಗಿಲು. ಈ ಹೆಸರಿನ ಸಿನಗಾಗ್‌ಗಳು ಬೇರೆ ದೇಶಗಳಲ್ಲೂ ಇವೆ ಎಂಬುದು ನಿಜ. ಆದರೂ ಸೆರೆಯಿಂದ ಬಿಟ್ಟು ಬಂದವನೊಬ್ಬ ಆರಿಸಿದ ಹೆಸರು ಇದು ಎಂಬುದನ್ನು ಮರೆಯಲಾಗದು. 1860ರಲ್ಲಿ ಮಂದಿರ ಸ್ಯಾಮ್ಯುಯೆಲ್ ಬೀದಿಯ ಈಗಿನ ಜಾಗಕ್ಕೆ ಬಂತು. ಬೆನೆ ಇಸ್ರೇಲರು ತಮ್ಮ ಸಿನಗಾಗ್ ಅನ್ನು ಆಡುಮಾತಿನಲ್ಲಿ ಮಶೀದಿ ಎಂದೇ ಕರೆಯುತ್ತಿದ್ದರು. ಇದು 'ಜುನಿ ಮಶೀದ್', ಹಳೆಯ ಮಶೀದಿ. ಪಕ್ಕದ ರೈಲು ನಿಲ್ದಾಣಕ್ಕೆ ಮಸ್ಜಿದ್ ಎಂಬ ಹೆಸರು ಬಂದದ್ದು ಇದರಿಂದಲೇ ಎಂಬ ಹೇಳಿಕೆಯೂ ಇದೆ.

ಒಂದು ಕಟ್ಟಡದಿಂದ ಏನಾಯಿತು ಎಂದು ಕೇಳಬಹುದು. ಅದುವರೆಗೆ ಈ ಜನಕ್ಕೆ ಕೂಡಿ ಪ್ರಾರ್ಥಿಸಲು ಸ್ವಂತ ಜಾಗವೇ ಇರಲಿಲ್ಲ. ಗಾಣಿಗರ ಹಳ್ಳಿಗಳಲ್ಲಿ ಚದುರಿ, ಒಂದು ಪ್ರಾರ್ಥನೆಯ ಎಳೆ ಹಿಡಿದು ಬದುಕಿದ್ದವರು ಒಂದೆಡೆ ಸೇರಿ ಮರೆತದ್ದನ್ನು ಮತ್ತೆ ಕಲಿಯತೊಡಗಿದ್ದು ಈ ಮಂದಿರದಿಂದ ಈಚೆಗೆ. ಆದರೆ ಮಂದಿರ ಎದ್ದರೆ ಸಾಲದು, ಅದರೊಳಗೆ ತೋರಾ ಇರಬೇಕು. ತೋರಾ ಎಂದರೆ ಪಂಚಗ್ರಂಥಗಳ ಸುರುಳಿ. ಅದನ್ನು ಅಚ್ಚು ಹಾಕುವಂತಿಲ್ಲ. ಹದಮಾಡಿದ ಚರ್ಮದ ಮೇಲೆ ಮೂರು ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು ಲಿಪಿಕಾರ ಕೈಯಲ್ಲೇ ಬರೆಯಬೇಕು. ಒಂದಕ್ಷರ ತಪ್ಪಿದ್ದರೂ ತಿದ್ದುವವರೆಗೆ ಅದನ್ನು ಓದುವಂತಿಲ್ಲ. ಅಂಥ ಸುರುಳಿ ಸಿಗಬೇಕಾದರೆ 1568ರಷ್ಟು ಹಿಂದೆಯೇ ಮಟ್ಟಾಂಚೇರಿಯಲ್ಲಿ ಸಿನಗಾಗ್ ಕಟ್ಟಿಕೊಂಡಿದ್ದ ಕೊಚ್ಚಿಯ ಯಹೂದಿಗಳ ಹತ್ತಿರ ಹೋಗಬೇಕಿತ್ತು. ದಿವೇಕರ್ ಹೊರಟರು. ಕೊಚ್ಚಿ ತಲುಪಿದರು. ಅಲ್ಲೇ 1797ರಲ್ಲಿ ತೀರಿಕೊಂಡರು. ತಾವು ಕಟ್ಟಿಸಿದ ಮಂದಿರದಲ್ಲಿ ಅವರು ಪ್ರಾರ್ಥಿಸಿದ್ದು ಹೆಚ್ಚೆಂದರೆ ಒಂದು ವರ್ಷ.

ಅವರ ತಿಥಿ, ನಮ್ಮ ತಿಥಿ

ಸತ್ತವರ ನೆನಪನ್ನು ಯಹೂದಿಗಳು ಹೇಗೆ ನಡೆಸುತ್ತಾರೆ ಎಂಬುದನ್ನು ತಿಳಿದರೆ ಪಶ್ಚಿಮವಾಹಿನಿಯ ದಡದ ಜನಕ್ಕೆ ಅಚ್ಚರಿಯಾಗಬಹುದು. ಅವರದೂ ಚಾಂದ್ರಮಾನ ಪಂಚಾಂಗ. ಋತುಗಳೊಡನೆ ಹೊಂದಿಸಲು 19 ವರ್ಷಗಳಲ್ಲಿ ಏಳು ಸಲ ಅಧಿಕ ಮಾಸ ಸೇರಿಸುತ್ತಾರೆ. ಹೀಗಾಗಿ ತೀರಿಕೊಂಡವರ ವಾರ್ಷಿಕ ದಿನವನ್ನು ಅವರೂ ಇಂಗ್ಲಿಷ್ ತಾರೀಖಿಗೆ ಹಿಡಿಯುವುದಿಲ್ಲ, ತಿಥಿಗೇ ಹಿಡಿಯುತ್ತಾರೆ. ಅವರಿಗೆ ದಿನ ಆರಂಭವಾಗುವುದು ಸೂರ್ಯಾಸ್ತಕ್ಕೆ; ಆದ್ದರಿಂದ ದೀಪ ಹಚ್ಚುವುದು ಹಿಂದಿನ ಸಂಜೆ.

ಪಿಂಡ, ತರ್ಪಣಗಳು ಅವರಲ್ಲಿ ಇಲ್ಲ. ಮಗ ತಂದೆ ತಾಯಿಗಾಗಿ 'ಕದ್ದಿಶ್' ಎಂಬ ಪ್ರಾರ್ಥನೆ ಹೇಳುತ್ತಾನೆ. ವಿಚಿತ್ರವೆಂದರೆ ಅದರಲ್ಲಿ ಸಾವಿನ ಮಾತೇ ಬರುವುದಿಲ್ಲ, ಸತ್ತವರ ಹೆಸರೂ ಬರುವುದಿಲ್ಲ. ಅದು ಪೂರ್ತಿಯಾಗಿ ದೇವರ ಸ್ತುತಿ. ಅದನ್ನು ಒಬ್ಬನೇ ಮನೆಯಲ್ಲಿ ಕುಳಿತು ಹೇಳುವಂತಿಲ್ಲ. ಸಂಪ್ರದಾಯದ ಪ್ರಕಾರ ವಯಸ್ಕ ಗಂಡಸರು ಹತ್ತು ಮಂದಿ ಸೇರಿರಬೇಕು. ದುಃಖದಲ್ಲಿರುವವನು ಜನರ ನಡುವೆ ಬರಲೇಬೇಕು ಎಂಬುದು ಈ ಕಟ್ಟಳೆಯ ಪರಿಣಾಮ. ಗೋರಿಗೆ ಹೋದವರು ಅಲ್ಲಿ ಒಂದು ಸಣ್ಣ ಕಲ್ಲು ಇಟ್ಟು ಬರುತ್ತಾರೆ. ನಾವು ತೀರಿಕೊಂಡವರ ಹೆಸರಿನ ಹಿಂದೆ ದಿವಂಗತ, ಕೈಲಾಸವಾಸಿ ಎಂದು ಸೇರಿಸಿ ಅವರು ಹೋದ ಜಾಗವನ್ನು ಹೇಳುತ್ತೇವೆ. ಅವರು 'ಇವರ ನೆನಪು ಆಶೀರ್ವಾದವಾಗಲಿ' ಎನ್ನುತ್ತಾರೆ.

ಶ್ರೀರಂಗಪಟ್ಟಣದ ಸುತ್ತಲಿನ ಸೀಮೆಗೆ ನೆನಪು ಇಡುವ ವಿದ್ಯೆ ಹೊಸದೇನಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಆನೆಗಳನ್ನು ಹೊತ್ತು ನಿಂತ ಕಂಬಗಳಿವೆ. ಹೊಯ್ಸಳ ಅರಸರು ತೀರಿಕೊಂಡಾಗ ತಮ್ಮ ಮಡದಿಯರು ಮತ್ತು ಲೆಂಕರೊಡನೆ ಪ್ರಾಣ ಬಿಟ್ಟ ಗರುಡರ ಮನೆತನದ ಸ್ಮಾರಕ ಅದು. ಶಾಸನದ ಕಾಲ 1257. ನಾಗಮಂಗಲದ ಕಡೆಯ ಹಳ್ಳಿಗಳ ಅಂಚಿನಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳು ಸಿಗುತ್ತವೆ. ಇವೆಲ್ಲ ಒಡೆಯನಿಗಾಗಿ, ಊರಿಗಾಗಿ, ಗಂಡನಿಗಾಗಿ ಸತ್ತವರ ಕಲ್ಲುಗಳು. ಸಾಯದೆ ಉಳಿದದ್ದಕ್ಕಾಗಿ ನಿಲ್ಲಿಸಿದ ಕಲ್ಲು ನಮ್ಮಲ್ಲಿ ಅಪರೂಪ.

ಹೆಸರಿನ ಮಾತು ಬೇರೆ. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತ್ತು. ಅದು ಪಾಂಡವಪುರವಾದ ಮೇಲೆ ಆ ಫ್ರೆಂಚರನ್ನು ನೆನೆಯುವವರು ಇಲ್ಲ. ಸ್ಯಾಮ್ಯುಯೆಲ್ ಬೀದಿಯ ಹೆಸರಾದರೂ ಅಲ್ಲಿ ನಡೆದಾಡುವ ಎಷ್ಟು ಮಂದಿಗೆ ದಿವೇಕರ್ ಅವರನ್ನು ನೆನಪಿಗೆ ತಂದೀತು?

ಅದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯಂದು ಹಬ್ಬ ಮಾಡುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಪೂರ್ವಿಕರು ಅಂದು ಕೊಲೆಯಾದರು ಎಂಬುದು ಅವರು ಇಟ್ಟುಕೊಂಡು ಬಂದ ನೆನಪು. ರಂಗನಾಥಸ್ವಾಮಿಗೆ ಟಿಪ್ಪು ಕೊಟ್ಟ ಬೆಳ್ಳಿಯ ಪಾತ್ರೆಗಳ ನೆನಪು ಶ್ರೀರಂಗಪಟ್ಟಣದ ದೇವಾಲಯಕ್ಕಿದೆ. ಸ್ಯಾಮ್ಯುಯೆಲ್ ಬೀದಿಯ ನೆನಪು ಮೂರನೆಯದು. ಒಬ್ಬನೇ ಅರಸನ ಬಗ್ಗೆ ಮೂರು ಕಡೆ ಉಳಿದ ಈ ಮೂರು ನೆನಪುಗಳಲ್ಲಿ ಒಂದರಿಂದ ಇನ್ನೊಂದನ್ನು ಅಳಿಸಬೇಕಾದ ಅಗತ್ಯವಿಲ್ಲ. ಅವುಗಳನ್ನು ಕಾದುಕೊಂಡವರು ಬೇರೆ ಬೇರೆ ಜನ, ಅವರು ಅನುಭವಿಸಿದ್ದೂ ಬೇರೆ ಬೇರೆ.

ಹತ್ತು ಮಂದಿ ಸೇರಬೇಕೆಂಬ ಕಟ್ಟಳೆಗೆ ಈಗ ಕಷ್ಟ ಬಂದಿದೆ. 1940ರ ದಶಕದಲ್ಲಿ ಭಾರತದಲ್ಲಿ ಸುಮಾರು 20 ಸಾವಿರ ಬೆನೆ ಇಸ್ರೇಲರಿದ್ದರು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಬಹುಪಾಲು ಜನ ಅಲ್ಲಿಗೆ ವಲಸೆ ಹೋದರು. ಇಲ್ಲಿ ಯಾರೂ ಅವರನ್ನು ಓಡಿಸಲಿಲ್ಲ. ಧರ್ಮದ ಸೆಳೆತ, ಬದುಕಿನ ಸೆಳೆತ ಎರಡೂ ಸೇರಿದವು. ಇಂದು ಇಡೀ ದೇಶದಲ್ಲಿ ಎಲ್ಲ ಪಂಗಡಗಳ ಯಹೂದಿಗಳನ್ನು ಲೆಕ್ಕ ಹಾಕಿದರೂ ಸುಮಾರು ಐದು ಸಾವಿರ ಆಗಬಹುದು. ಮುಂಬಯಿಯ ಹಳೆಯ ಬೀದಿಗಳಿಂದ ಯಹೂದಿ ಮನೆಗಳು ಹೆಚ್ಚುಕಡಿಮೆ ಮಾಯವಾಗಿವೆ. ಕದ್ದಿಶ್ ಹೇಳಬೇಕಾದವನ ಸುತ್ತ ನಿಲ್ಲಲು ಹತ್ತು ಮಂದಿ ಸಿಗದಿದ್ದರೆ, ನೆನಪು ಮನಸ್ಸಿನಲ್ಲಿದ್ದರೂ ಅದನ್ನು ಬಾಯಲ್ಲಿ ಹೇಳುವ ವಿಧಿ ನಿಂತುಹೋಗುತ್ತದೆ.

ಮೈಸೂರು ಸೀಮೆಯೊಡನೆ ಬೆನೆ ಇಸ್ರೇಲರ ನಂಟು ದಿವೇಕರ್ ಅವರೊಡನೆ ಮುಗಿಯಲಿಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬರುವ ಹೆದ್ದಾರಿ ನಗರ ಬಿಡುವ ಮುನ್ನ, ಮೈಸೂರು ರಸ್ತೆಯ ಗದ್ದಲದ ನಡುವೆ, ಗೋಡೆ ಕಟ್ಟಿದ ಒಂದು ಪುಟ್ಟ ಯಹೂದಿ ಸ್ಮಶಾನವಿದೆ. ಅದಕ್ಕೆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿ ಮೊದಲು ಮಣ್ಣಾದವರು, 1904ರಲ್ಲಿ, ಬೆನೆ ಇಸ್ರೇಲ್ ಸೈನಿಕ ಸುಬೇದಾರ್ ಸ್ಯಾಮ್ಯುಯೆಲ್ ನಾಗಾಂವ್ಕರ್. ಮುಂಬಯಿಗೂ ಕೊಚ್ಚಿಗೂ ನಡುವೆ ಓಡಾಡಿದ ಆ ಮೊದಲ ಸ್ಯಾಮ್ಯುಯೆಲ್‌ನಂತೆ ಇವರೂ ಕೊಂಕಣದ ಒಂದು ಹಳ್ಳಿಯ ಹೆಸರನ್ನು ಹೊತ್ತು ಬಂದವರು. ಅನಂತರ ಅಲ್ಲಿ ಬೇರೆ ಬೇರೆ ದೇಶಗಳಿಂದ ಬಂದ ಯಹೂದಿಗಳ ಹಲವು ಗೋರಿಗಳು ಸೇರಿವೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಕಾಣುವುದು ಗೋಡೆ ಮತ್ತು ಮರಗಳು ಮಾತ್ರ.